ಖಾಲಿ ಬರುವ ಪೆಟ್ಟಿಗೆ

"ಏ ಮುಂಡೇದೆ, ಗುಂಡಿ ತೋಡ್ತಿದ್ದೀಯೋ, ನಿಮ್ಮತ್ತೆಗೆ ಬಂಗಲೆ ಪಾಯ ತೆಗೀತಿದ್ದೀಯೋ? ಇಷ್ಟಗಲ ಯಾಕೆ?"

ಇಟ್ಟಿಗೆ ಭಟ್ಟಿಯ ಧಣಿ ಗುಂಡಿಯ ಅಂಚಿಗೆ ಬಂದು ನಿಂತು, ಬೂಟಿನ ತುದಿಯಿಂದ ಒಂದು ಹೆಂಟೆಯನ್ನು ಒಳಕ್ಕೆ ಒದ್ದ. ಅದು ಕೆಳಗೆ ಬಗ್ಗಿ ಅಗೆಯುತ್ತಿದ್ದ ಸೊಸೆಯ ಬೆನ್ನಿಗೆ ಬಡಿದು ಪುಡಿಯಾಯಿತು. ಅವಳು ಸೊಂಟ ಹಿಡಿದುಕೊಂಡು ನೆಟ್ಟಗಾದಳು. ನೆಟ್ಟಗಾದರೂ ಅವಳ ತಲೆ ಮೇಲಕ್ಕೆ ಕಾಣಲಿಲ್ಲ, ಏಣಿ ಇಲ್ಲದೆ ಹತ್ತಲಾಗದಷ್ಟು ಆಳಕ್ಕೆ ಹೋಗಿದ್ದಳು.

"ಮಣ್ಣು ಸಡಿಲ ಇದೆ ಧಣಿ. ಅಗಲ ಮಾಡದಿದ್ರೆ ಪಕ್ಕದ ಗುಂಡಿಯೋರು ಕುಸಿದು ಇಲ್ಲಿಗೇ ಬಂದುಬಿಡ್ತಾರೆ."

"ಬರಲಿ ಬಿಡು. ಬದುಕಿದ್ದಾಗ ಒಂದೇ ಕೋಣೇಲಿ ಎಂಟೆಂಟು ಜನ ಬಿದ್ಕೊಂಡಿದ್ದೋರು, ಸತ್ತ ಮೇಲೆ ಅದೇನು ಬಿಂಕ. ಬೇಗ ಮುಗಿಸು. ಒಲೆ ಆರೋಕೆ ಬಿಡಲ್ಲ ನಾನು, ನಿಮ್ಮ ಜನಕ್ಕೆ ಅರ್ಧ ಹೊತ್ತು ಬಿಡುವು ಕೊಟ್ಟಿರೋದೇ ಹೆಚ್ಚು."

ಅವನು ಹೋದ ಮೇಲೆ ಸೊಸೆ ಗುದ್ದಲಿ ಎತ್ತಿ ಗುಂಡಿಯನ್ನು ಇನ್ನೊಂದಿಷ್ಟು ಅಗಲ ಮಾಡಿದಳು. ಮಣ್ಣು ಸಡಿಲ ಅಂದದ್ದು ಶುದ್ಧ ಸುಳ್ಳು. ಅದು ಕಲ್ಲಿನ ಹಾಗಿತ್ತು, ಬೆಳಗಿನಿಂದ ಅವಳ ರಟ್ಟೆ ಬಿದ್ದುಹೋಗಿತ್ತು.

ಇಟ್ಟಿಗೆ ಭಟ್ಟಿಗಳೆಲ್ಲ ಧಣಿಯವು. ಚರ್ಚಿನಲ್ಲಿ ಮೊದಲ ಬೆಂಚು ಅವನದು, ಸಭೆಯ ಹಿರಿಯ ಬೇರೆ. ಚರ್ಚಿನ ಹಿಂದಿನ ಕೊಟ್ಟಿಗೆಯಲ್ಲಿರುವ ಹೆಣದ ಪೆಟ್ಟಿಗೆಯೂ ಒಂದು ಲೆಕ್ಕದಲ್ಲಿ ಅವನದೇ. ಭಟ್ಟಿ ಓಣಿಯ ಬಡವರಿಗೂ ಮರ್ಯಾದೆಯ ಸಾವು ಸಿಗಲಿ ಎಂದು ಅವನ ಅಪ್ಪ ಮಾಡಿಸಿಕೊಟ್ಟದ್ದು. ಗಟ್ಟಿ ಮರ, ಮುಚ್ಚಳದ ಮೇಲೆ ದಾನಿಯ ಹೆಸರು ದಪ್ಪ ಅಕ್ಷರದಲ್ಲಿ ಕೆತ್ತಿದೆ. ಸತ್ತವರ ಹೆಸರು ಬರೆಯಲು ಮಾತ್ರ ಅದರಲ್ಲಿ ಎಲ್ಲೂ ಜಾಗವಿಲ್ಲ.

ಆ ಪೆಟ್ಟಿಗೆಗೆ ತಳವಿಲ್ಲ. ತಳದ ಜಾಗದಲ್ಲಿ ಎರಡು ಕದಗಳು, ನಡುವೆ ಒಂದು ಕಬ್ಬಿಣದ ಅಗುಳಿ. ಗುಂಡಿಯ ಬಾಯಿಗೆ ಅಡ್ಡಲಾಗಿ ಎರಡು ತೊಲೆ ಇಟ್ಟು, ಅದರ ಮೇಲೆ ಪೆಟ್ಟಿಗೆ ಕೂರಿಸುತ್ತಾರೆ. ಪಾದ್ರಿಗಳು 'ಮಣ್ಣು ಮಣ್ಣಿಗೆ' ಅನ್ನುತ್ತಾರೆ. ಯಾರೋ ಅಗುಳಿ ಎಳೆಯುತ್ತಾರೆ. ಕದ ತೆರೆದುಕೊಂಡು ಒಳಗಿದ್ದವರು ಧಪ್ ಎಂದು ಕೆಳಕ್ಕೆ ಬೀಳುತ್ತಾರೆ. ಆ ಸದ್ದು ಕೇಳಿದ ಮೇಲೆ ಪಾದ್ರಿಗಳು 'ಆಮೆನ್' ಅನ್ನುತ್ತಾರೆ. ಪೆಟ್ಟಿಗೆ ಕೊಟ್ಟಿಗೆಗೆ ಹಿಂದಿರುಗುತ್ತದೆ. ಓಣಿಯವರು ಅದನ್ನು ಬಸ್ಸು ಅನ್ನುತ್ತಿದ್ದರು, ಎಲ್ಲರನ್ನೂ ಇಳಿಸಿ ಖಾಲಿ ಬರುತ್ತದೆ ಅಂತ.

ಅತ್ತೆ ಚರ್ಚಿನ ಬಟ್ಟೆ ಒಗೆಯುವವಳು. ಪಾದ್ರಿಗಳ ಬಿಳಿ ನಿಲುವಂಗಿಯನ್ನು ಹಾಲಿನ ಹಾಗೆ ಮಾಡಿ ಹಿತ್ತಲಿನ ಹಗ್ಗದ ಮೇಲೆ ಹರವುತ್ತಿದ್ದಳು. ಯಾರಾದರೂ ಸತ್ತರೆ ಮಾರನೆಯ ದಿನ ಬಸ್ಸನ್ನು ಸುಣ್ಣದ ನೀರಿನಿಂದ ತಿಕ್ಕಿ ಬಿಸಿಲಿಗೆ ಇಡುವುದೂ ಅವಳದೇ ಕೆಲಸ. ತನ್ನ ಗಂಡ ಹೋದ ಮೇಲೆ ತಿಕ್ಕಿದಳು, ಮಗ ಹೋದ ಮೇಲೂ ತಿಕ್ಕಿದಳು.

ಆ ಮಗನೇ ಸೊಸೆಯ ಗಂಡ, ಮೊದಲು ಗುಂಡಿ ತೋಡುತ್ತಿದ್ದವನು. ಅವನ ಸರದಿ ಬಂದಾಗ ಅಗುಳಿ ಎಳೆದರೆ ಅವನು ಬೀಳಲಿಲ್ಲ. ಹೊದಿಸಿದ ಬಟ್ಟೆಯ ಮೂಲೆ ಕದದ ತಿರುಗಣಿಗೆ ಸಿಕ್ಕಿಕೊಂಡು ಅರ್ಧ ಒಳಗೆ, ಅರ್ಧ ಹೊರಗೆ ನೇತಾಡಿದ. ಪಾದ್ರಿಗಳು ಸದ್ದಿಗೆ ಕಾಯುತ್ತ ಕಣ್ಣು ಮುಚ್ಚಿ ನಿಂತಿದ್ದರು. ಧಣಿಗೆ ತಡವಾಗುತ್ತಿತ್ತು. ಮುಚ್ಚಳ ಸರಿಸಿ ಕೈಗೋಲಿನಿಂದ ತಿವಿದ. "ಬದುಕಿದ್ದಾಗಲೂ ಕೆಲಸಕ್ಕೆ ಕರೆದ್ರೆ ಹಿಂಗೇ ಎಳೆದಾಡ್ತಿದ್ದ, ಸೋಮಾರಿ ನನ್ಮಗ." ಎರಡನೆಯ ತಿವಿತಕ್ಕೆ ಬಟ್ಟೆ ಹರಿದು ಅವನು ತಲೆಕೆಳಗಾಗಿ ಬಿದ್ದ. ಧಪ್. ಆಮೆನ್. ಸೊಸೆಗೆ ಅಳು ಕೂಡ ಬರಲಿಲ್ಲ.

ಆಮೇಲೆ ಧಣಿಯ ತಾಯಿ ತೀರಿಕೊಂಡರು. ಅವರಿಗೆ ಎಣ್ಣೆ ಹಚ್ಚಿ ಮಿರುಗಿಸಿದ ಕರಿಮರದ ಸ್ವಂತ ಪೆಟ್ಟಿಗೆ, ಹಿತ್ತಾಳೆಯ ಹಿಡಿಕೆ, ಒಳಗೆ ರೇಷ್ಮೆಯ ದಿಂಬು. ಇಳಿಸುವ ಹಗ್ಗಕ್ಕೂ ಮಖಮಲ್ಲು ಸುತ್ತಿದ್ದರು. ಪಾದ್ರಿಗಳು ಅಂಗೈ ಚಾಚಿ, "ಮೆಲ್ಲಗೆ, ಮೆಲ್ಲಗೆ. ಇದು ಬೀಜ. ನಾಳೆ ಮಹಿಮೆಯಲ್ಲಿ ಮೊಳೆಯುವ ಬೀಜ" ಎಂದು ಕಣ್ಣೀರು ಸುರಿಸಿದ್ದರು.

ನಿಲುವಂಗಿ ತಲುಪಿಸಲು ಹೋದಾಗ ಅತ್ತೆ ಕೇಳಿಯೇಬಿಟ್ಟಳು. ಸೊಸೆ ಜೊತೆಗಿದ್ದಳು.

"ಅಯ್ಯನೋರೆ, ನಾವೂ ಬೀಜಾನೇ ಅಲ್ವಾ? ದೊಡ್ಡಮ್ಮನೋರನ್ನ ಅಷ್ಟು ನಾಜೂಕಾಗಿ ಇಳಿಸಿದ್ರಿ. ನಮ್ಮನ್ನ ಯಾಕೆ ಎತ್ತಿ ಒಗೀತೀರಿ?"

ಪಾದ್ರಿಗಳು ಬೇಸರಪಡಲಿಲ್ಲ. ಅವರಿಗೆ ಯಾವುದಕ್ಕೂ ಉತ್ತರವಿರುತ್ತಿತ್ತು. "ಕೆಲವು ಬೀಜಾನ ನೆಡ್ತಾರೆ, ಕೆಲವನ್ನ ಚೆಲ್ತಾರೆ ಕಣಮ್ಮ. ಮೊಳೆಯೋದು ಮುಖ್ಯ. ಅಲ್ಲಿ ನಿನಗೆ ಹೊಸ ದೇಹ ಕೊಡ್ತಾರೆ. ಈ ಸುಣ್ಣ ತಿಂದ ಕೈ ಇರಲ್ಲ, ಈ ಗೂನು ಬೆನ್ನು ಇರಲ್ಲ. ಬಿಳಿ ನಿಲುವಂಗಿ ತೊಟ್ಕೊಂಡು ಎಲ್ಲರ ಜೊತೆ ಕೂತ್ಕೋತೀಯ."

"ಎಲ್ಲರಿಗೂ ಬಿಳೀದೇನಾ?"

"ಎಲ್ಲರಿಗೂ."

"ಅಷ್ಟೊಂದನ್ನ ಒಗೆಯೋರು ಯಾರು?"

"ಅಲ್ಲಿ ಬಟ್ಟೆ ಕೊಳೆ ಆಗಲ್ಲ."

ದಾರಿಯಲ್ಲಿ ಅತ್ತೆ ತನ್ನಷ್ಟಕ್ಕೆ ನಕ್ಕಳು. "ಕೊಳೆ ಆಗಲ್ಲ ಅಂದ್ರೆ ಅಲ್ಲಿ ಯಾರೂ ಕೆಲಸ ಮಾಡಲ್ಲ ಅಂತ ಆಯ್ತು. ಧಣಿಗೆ ಹೊತ್ತು ಹೋಗೋದು ಕಷ್ಟ ಕಣೆ, ಬೈಯೋಕೆ ಒಬ್ಬರೂ ಸಿಗಲ್ಲ."

ಹಾಗಂತ ಅವಳಿಗೆ ನಂಬಿಕೆ ಇರಲಿಲ್ಲ ಎಂದಲ್ಲ. ಬೆಟ್ಟದಷ್ಟಿತ್ತು. ಅಲ್ಲಿ ಮಗ ಸಿಗುತ್ತಾನೆ, ಕೆಮ್ಮು ಬಿಟ್ಟು ಹೋಗಿರುತ್ತದೆ, ಎದೆಯೊಳಗೆ ಇಟ್ಟಿಗೆಯ ಧೂಳು ಇರುವುದಿಲ್ಲ ಎಂದು ನಂಬಿಕೊಂಡೇ ಅವಳು ದಿನ ದೂಡುತ್ತಿದ್ದಳು. ಕೊನೆಗೆ ಹಾಸಿಗೆ ಹಿಡಿದಾಗ ಸೊಸೆಯ ಕೈ ಎಳೆದುಕೊಂಡು ಹೇಳಿದಳು:

"ಹೊಸ ದೇಹ ಕೊಟ್ರೆ ತಗೋತೀನಿ, ಬೇಡ ಅನ್ನಲ್ಲ. ಆದ್ರೆ ಈ ಹಳೇದನ್ನ ಧಪ್ ಅನ್ನಿಸ್ಬೇಡ ಕಣವ್ವ. ನನ್ನ ಮಗ ಬಿದ್ದ ಸದ್ದು ಇನ್ನೂ ಕಿವೀಲೇ ಇದೆ. ನನ್ನನ್ನ ಇಳಿಸು. ಬೀಳಿಸ್ಬೇಡ."

"ಬೀಳಿಸಲ್ಲ ಅತ್ತೆ," ಎಂದು ಸೊಸೆ ಮಾತು ಕೊಟ್ಟಳು. ಬೆಳಗಿನ ಜಾವ ಮುದುಕಿಯ ಉಸಿರು ನಿಂತಿತು.

ಬೆಳಗಾಗುತ್ತಲೇ ಸೊಸೆ ಧಣಿಯ ಬಾಗಿಲಿಗೆ ಹೋಗಿದ್ದಳು. ಪೆಟ್ಟಿಗೆ ಬೇಡ, ಬರೀ ಬಟ್ಟೆ ಸುತ್ತಿ ನಾವೇ ಕೈಯಲ್ಲಿ ಇಳಿಸಿಕೊಳ್ಳುತ್ತೇವೆ ಎಂದು ಕೇಳಿದಳು. ಧಣಿ ಹಲ್ಲುಜ್ಜುತ್ತಿದ್ದವನು ನೊರೆ ಉಗಿದು, "ಪೆಟ್ಟಿಗೆ ಇಲ್ಲದೆ ಹೂಳೋಕೆ ನೀವೇನು ನಾಯಿಗಳಾ? ನಮ್ಮಪ್ಪನ ದಾನ ಅದು. ಬೇಡ ಅನ್ನೋಕೆ ನೀನ್ಯಾವಳೇ? ಓಣೀಲಿ ಯಾರು ಸತ್ರೂ ಅದರಲ್ಲೇ ಹೋಗ್ಬೇಕು" ಅಂದ.

ಆಗಲಿ, ಅದರಲ್ಲೇ ಹೋಗಲಿ, ಅಂದುಕೊಂಡಳು ಸೊಸೆ. ಮನೆಗೆ ಬಂದು ಹಿತ್ತಲಿನ ಬಟ್ಟೆ ಹಗ್ಗ ಬಿಚ್ಚಿದಳು. ಅದರ ಮೇಲಿದ್ದ ಒದ್ದೆ ನಿಲುವಂಗಿ ಮಣ್ಣಿಗೆ ಬಿತ್ತು. ಎತ್ತಲಿಲ್ಲ. ಹಗ್ಗವನ್ನು ಎರಡು ತುಂಡು ಮಾಡಿ ಓಣಿಯ ಕುಳ್ಳನ ಕೈಗೆ ಕೊಟ್ಟು ಕಿವಿಯಲ್ಲಿ ಹೇಳಿದಳು. ಕುಳ್ಳ ಭಟ್ಟಿಯಲ್ಲಿ ಇಟ್ಟಿಗೆ ಹೊರುವವನು, ಹೆಚ್ಚು ಮಾತಿಲ್ಲ. ಹಗ್ಗವನ್ನು ಎಳೆದು ನೋಡಿ, "ತಡೆಯುತ್ತೆ" ಅಂದ, ಅಷ್ಟೆ.

ಮಧ್ಯಾಹ್ನ ಓಣಿ ನೆರೆಯಿತು. ತೊಲೆಗಳ ಮೇಲೆ ಪೆಟ್ಟಿಗೆ ಕೂರಿಸಿದರು. ಅದರ ಅಡಿಯಲ್ಲಿ ಹಗ್ಗ ಹಾದುಹೋಗಿದ್ದನ್ನು ಧಣಿ ಗಮನಿಸಲಿಲ್ಲ, ಕೊಡೆಯ ನೆರಳಿನಲ್ಲಿ ಬೆವರು ಒರೆಸಿಕೊಳ್ಳುತ್ತಿದ್ದ. ಪಾದ್ರಿಗಳು ಹಳೆಯ ನಿಲುವಂಗಿ ತೊಟ್ಟು ಬಂದಿದ್ದರು. ಕಂಕುಳಲ್ಲಿ ಹಳದಿ ಕಲೆ, ಕೊರಳ ಪಟ್ಟಿಯಲ್ಲಿ ಮಸಿ. ಒಗೆಯುವವಳು ಪೆಟ್ಟಿಗೆಯೊಳಗೆ ಮಲಗಿದ್ದಳಲ್ಲ. ಅವರು ಕಣ್ಣು ಮುಚ್ಚಿ, ಈ ಸಹೋದರಿ ಮಾರ್ಪಟ್ಟು ಹೊಸಬಳಾಗಿ ಏಳುವಳು, ಅಲ್ಲಿ ಮೇಲು ಕೀಳು ಇಲ್ಲ, ನೋವಿಲ್ಲ ಎಂದು ಸರಸರನೆ ಹೇಳಿ ಮುಗಿಸಿ, "ಮಣ್ಣು ಮಣ್ಣಿಗೆ" ಅಂದು ನಿಲ್ಲಿಸಿದರು.

ಸೊಸೆ ಕುಳ್ಳನ ಮುಖ ನೋಡಿದಳು. ಹಗ್ಗಗಳು ಬಿಗಿದವು. ಪೆಟ್ಟಿಗೆ ಗೇಣುದ್ದ ಮೇಲೆದ್ದಿತು, ತೊಲೆಗಳು ಪಕ್ಕಕ್ಕೆ ಸರಿದವು. ಓಣಿಯವರು ಬೆನ್ನು ಹಿಂದಕ್ಕೆ ಬಾಗಿಸಿ ಹಗ್ಗವನ್ನು ಒಂದೊಂದೇ ಹಿಡಿ ಬಿಡುತ್ತ ಬಂದರು. ಪೆಟ್ಟಿಗೆ ಎಲ್ಲಿಯೂ ತಾಕದೆ, ಓರೆಯಾಗದೆ, ಆ ಅಗಲದ ಗುಂಡಿಯೊಳಕ್ಕೆ ಇಳಿಯಿತು. ತಳ ಮುಟ್ಟಿದ್ದು ಯಾರಿಗೂ ಕೇಳಿಸಲಿಲ್ಲ. ಸೊಸೆಯ ಕಣ್ಣಿಂದ ಆಗ ನೀರು ಇಳಿಯಿತು, ಬೆಳಗಿನಿಂದ ಮೊದಲ ಸಲ.

ಪಾದ್ರಿಗಳು ಸದ್ದಿಗೆ ಕಾದರು. ಬರಲಿಲ್ಲ. "ಮಣ್ಣು ಮಣ್ಣಿಗೆ" ಎಂದು ಇನ್ನೊಮ್ಮೆ ಅಂದು ಕಾದರು.

"ಏಯ್, ಏನ್ರೋ ಇದು?" ಧಣಿ ಕೊಡೆ ಬಿಸಾಡಿ ಬಂದ. "ಪೆಟ್ಟಿಗೆ ಯಾಕ್ರೋ ಇಳಿಸಿದ್ರಿ? ತೆಗೀರಿ ಮೇಲಕ್ಕೆ. ಅಗುಳಿ ಎಳೀರಿ."

"ನೀವೇ ಹೇಳಿದ್ರಲ್ಲ ಧಣಿ," ಅಂದಳು ಸೊಸೆ, "ಅದರಲ್ಲೇ ಹೋಗ್ಬೇಕು ಅಂತ. ಅದರಲ್ಲೇ ಹೋಗ್ತಿದಾಳೆ."

"ಸೂಳೇಮಕ್ಕಳಾ, ನಮ್ಮಪ್ಪನ ಹೆಸರಿದೆ ಅದರ ಮೇಲೆ. ಒಬ್ಬೊಬ್ಬನನ್ನೂ ಭಟ್ಟಿಯಿಂದ ಓಡಿಸ್ತೀನಿ. ಇಳಿಯೋ ಕುಳ್ಳ."

"ಅಲ್ಲಿಗೆ ಇಳಿದೋರು ಯಾರೂ ಹತ್ತಿ ಬಂದಿದ್ದು ನಾನು ನೋಡಿಲ್ಲ ಧಣಿ. ಭಯ ಆಗುತ್ತೆ," ಅಂದ ಕುಳ್ಳ.

ಯಾರೋ ಕಿಸಕ್ಕೆಂದರು. ಧಣಿಗೆ ಮೈಯೆಲ್ಲ ಉರಿದುಹೋಯಿತು. ಮುಚ್ಚಳವನ್ನಾದರೂ ಎಳೆದುಕೊಳ್ಳೋಣ ಎಂದು ಅಂಚಿಗೆ ಬಂದು ಬಗ್ಗಿ, ಕೈಗೋಲಿನ ಕೊಕ್ಕೆಯನ್ನು ಕೆಳಕ್ಕೆ ಚಾಚಿದ. ಸಾಲಲಿಲ್ಲ. ಇನ್ನಷ್ಟು ಬಗ್ಗಿದ. ಬೂಟಿನ ಕೆಳಗಿನ ಅಗೆದು ಹಾಕಿದ ಮಣ್ಣು ಜಾರಿತು.

ಧಪ್.

"ಆಮೆನ್," ಅಂದರು ಪಾದ್ರಿಗಳು, ಕಣ್ಣು ಮುಚ್ಚಿಕೊಂಡೇ.

ಯಾರೂ ನಗಲಿಲ್ಲ. ಕೆಳಗೆ ಧಣಿ ಎದ್ದು ನಿಂತ. ಏಟೇನೂ ಬಿದ್ದಿರಲಿಲ್ಲ, ಟೋಪಿ ಹೋಗಿತ್ತು, ಬಾಯಿಗೆ ಮಣ್ಣು ಮೆತ್ತಿತ್ತು. ಅವನ ಎರಡೂ ಬೂಟುಗಳು ಮುಚ್ಚಳದ ಮೇಲಿದ್ದವು. ಅಂಚು ಹಿಡಿಯಲು ಎಗರಿದ, ಕೈ ಎಟುಕಲಿಲ್ಲ, ಮತ್ತೆ ಮುಚ್ಚಳದ ಮೇಲೆಯೇ ಬಿದ್ದ. ಇನ್ನೊಮ್ಮೆ ಧಪ್ ಎಂದಿತು. ಆ ಸದ್ದು ಸೊಸೆಯ ಎದೆಗೆ ಬಡಿಯಿತು. ಯಾವುದನ್ನು ಕೇಳಿಸುವುದಿಲ್ಲ ಎಂದು ಮಾತು ಕೊಟ್ಟಿದ್ದಳೋ ಅದೇ ಸದ್ದು.

"ನಮ್ಮತ್ತೆ ಎದೆ ಮೇಲಿಂದ ಇಳೀರಿ ಧಣಿ."

"ಎಲ್ಲಿಗೆ ಇಳೀಲಿ? ಕೈ ಕೊಡೆ ಮೊದಲು." ಅವನ ಅಂಗೈ ಮೇಲಕ್ಕೆ ಚಾಚಿತ್ತು, ಬೆರಳುಗಳು ಆಡುತ್ತಿದ್ದವು. "ಏಯ್, ಹೇಳಿದ್ದು ಕೇಳಿಸ್ಲಿಲ್ವಾ? ಎತ್ತೇ ನನ್ನ."

ಅವಳು ಆ ಕೈಯನ್ನು ನೋಡಿದಳು. ಸುಣ್ಣ ತಿಂದಿರಲಿಲ್ಲ, ಒಂದು ಬಿರುಕೂ ಇರಲಿಲ್ಲ. ಹೊಸ ದೇಹ ಅಂದರೆ ಹೀಗೇ ಇರುತ್ತದೇನೋ ಅನ್ನಿಸಿತು.

"ಎಬ್ಬಿಸೋನು ಒಬ್ಬ ಇದ್ದಾನೆ ಅಂತ ಅಯ್ಯನೋರು ಈಗಷ್ಟೇ ಹೇಳಿದ್ರಲ್ಲ," ಅಂದಳು. "ಸ್ವಲ್ಪ ಕಾಯಿರಿ. ನಮ್ಮೋರೆಲ್ಲ ಕಾಯ್ತಾನೇ ಇದಾರೆ."

ಪಾದ್ರಿಗಳು ಈಗ ಕಣ್ಣು ತೆರೆದಿದ್ದರು. ಪ್ರಾರ್ಥನೆಯ ಪುಸ್ತಕ ಬಿಚ್ಚಿ, ಆಮೆನ್ ಆದ ಮೇಲೆ ಹೇಳುವುದನ್ನು ಹುಡುಕತೊಡಗಿದರು.

ಸೊಸೆ ಬಗ್ಗಿ ಸಲಿಕೆ ತುಂಬಿದಳು. ಮೊದಲ ಮಣ್ಣು ಮುಚ್ಚಳದ ಮೇಲಿನ ಹೆಸರಿನ ಮೇಲೆ ಬಿತ್ತು, ಎರಡನೆಯದು ಬೂಟಿನ ಮೇಲೆ. ಧಣಿ ಕೂಗುತ್ತಲೇ ಇದ್ದ. ಗುಂಡಿಯ ಆ ಕಡೆಯಿಂದ ಕುಳ್ಳ ತನ್ನ ಸಲಿಕೆ ಎತ್ತಿಕೊಂಡ, ಅವನ ಹಿಂದೆ ಇನ್ನೊಬ್ಬ ಎತ್ತಿಕೊಂಡ.