ಮೂರನೆಯ ಅಂಕ ಓದಿದ ಬೆಳಿಗ್ಗೆ

ಕರ್, ಕರ್ ಎಂದು ಮೀನಿನ ಹುರುಪೆ ಕೆರೆಯುವ ಸದ್ದು, ಅದರ ಮೇಲೆ ನನ್ನದೇ ದನಿ, ಎರಡೂ ಪಕ್ಕದ ಮನೆಯಿಂದ ಬರುತ್ತಿರುವಂತೆ — ಬಾಯಿ ಓದುತ್ತಿದೆ, ಎರಡನೆಯ ಅಂಕ ಮುಗಿಯುತ್ತ ಬಂತು, ಭೈಮಿ ಚೇಚಿ ಇನ್ನೂ ತಲೆ ಎತ್ತಿಲ್ಲ, ಹಿತ್ತಲ ಮೆಟ್ಟಿಲ ಮೇಲೆ ಕುಳಿತು ಮಣ್ಣಿನ ಚಟ್ಟಿಯಲ್ಲಿ ಕರಿಮೀನು ತಿರುವಿ ತಿರುವಿ ಕೆರೆಯುತ್ತಿದ್ದಾಳೆ, ಅರವತ್ತಾರರ ಅಕ್ಕ, ತ್ರಿಶೂರಿನಲ್ಲಿ ಎರಡು ಸಾವಿರ ಜನರ ಮುಂದೆ ಓದಿದವನು ನಾನು, ಇವಳೊಬ್ಬಳ ಮುಂದೆ ಸಾಲು ತಪ್ಪಿ ಮತ್ತೆ ಹಿಂದಿನಿಂದ ಓದುತ್ತಿದ್ದೇನೆ, ಸುಗತಾ, ಕಾಫಿ ಆರ್ತಾ ಇದೆ ನೋಡು ಎಂದಳು, ಅಷ್ಟೇ. ಕೊಲ್ಲಂನ ನಾಟಕ ಕಂಪನಿಯವರು ಸೋಮವಾರ ತಾಲೀಮು ಶುರು ಮಾಡುತ್ತಾರೆ, ಸಾರ್, ನಿಮ್ಮ ಆ ಕಾದಂಬರಿನೇ ನಾಟಕ ಮಾಡಿಕೊಡಿ, ಜನ ಕೇಳೋದೇ ಅದನ್ನ ಎಂದರು, ಒಪ್ಪಿಕೊಂಡೆ, ಆದರೆ ಮೂರನೆಯ ಅಂಕ ಬದಲಾಯಿಸಿದ್ದೇನೆ, ಅವರಿಗಿನ್ನೂ ಹೇಳಿಲ್ಲ, ಮೊದಲು ಇವಳು ಹೂಂ ಅನ್ನಬೇಕು, ಅಂದಾಳೇ — ಹದಿನೇಳಕ್ಕೆ ಊರ ವಾಚನಾಲಯದವರು ಆಡುವ ನಾಟಕಗಳಲ್ಲಿ ಪರದೆಯ ಹಿಂದೆ ನಿಂತು ನಟರು ಮರೆತ ಮಾತನ್ನು ಪಿಸುಗುಟ್ಟುತ್ತಿದ್ದವನು, ಆಮೇಲೆ ಮಾತುಗಳನ್ನೇ ಬರೆದೆ, ಹನ್ನೊಂದು ನಾಟಕ, ಆರು ಕಾದಂಬರಿ, ಮನೆಯಲ್ಲಿ ಶಾಲು ಇಡಲು ಜಾಗವಿಲ್ಲ, ಎಲ್ಲದರ ಬುಡ ಆ ಒಂದು ಕಾದಂಬರಿ, ವಾರಪತ್ರಿಕೆಯಲ್ಲಿ ಬರುವಾಗ ತೆಂಗಿನ ನಾರಿನ ಹಗ್ಗ ಹೊಸೆಯುವ ಹೆಂಗಸರು ಓದಿಸಿಕೊಂಡು ಕೇಳಿ ಅತ್ತರಂತೆ, ಓಡಿಹೋದ ತಂಗಿ ಮರಳಿ ಬಂದು ಬಾಗಿಲು ತಟ್ಟುತ್ತಾಳೆ, ದೇವಯಾನಿ ಎಂಬ ಅಕ್ಕ ಒಳಗಿನಿಂದ ಚಿಲಕ ಹಾಕುತ್ತಾಳೆ, ತಂಗಿ ಹೋಗಿ ಹಿನ್ನೀರಿಗೆ ಬೀಳುತ್ತಾಳೆ. ನಮ್ಮ ತಂಗಿ ಲತಿಕಾ ಹಿನ್ನೀರಿಗೆ ಬಿದ್ದು ಆಗ ನಾಲ್ಕು ವರ್ಷ. ಊರಿಗೆ ಇನ್ನೇನು ಬೇಕು, ಒಡಹುಟ್ಟಿದ ತಮ್ಮನೇ ಬರೆದ ಮೇಲೆ ಸುಳ್ಳಾಗುತ್ತದೆಯೇ, ಭೈಮಿ ಹೋಗಿ ದೇವಯಾನಿ ಆದಳು, ಮೀನು ಮಾರುವವಳೂ ಹಾಗೇ ಕರೆದಳು, ಗೊತ್ತಾಗಿದ್ದ ಮದುವೆ ಮುರಿಯಿತು, ಅಷ್ಟು ಕಲ್ಲು ಮನಸ್ಸಿನೋಳು ನಮಗೆ ಬೇಡಪ್ಪ ಎಂದರು ಗಂಡಿನ ಕಡೆಯವರು, ಅದೇ ತಿಂಗಳು ನನಗೆ ಪ್ರಶಸ್ತಿ, ಇವಳು ಒಂದು ಮಾತು ಕೇಳಲಿಲ್ಲ, ಮೀನು ಸಾರು ಮಾಡಿ ಬಡಿಸಿದಳು, ನಾನು ಎರಡು ಸಲ ಹಾಕಿಸಿಕೊಂಡು ಉಂಡೆ.

ಮೂರನೆಯ ಅಂಕ, ಎಂದೆ. ಓದು, ಎಂದಳು. ಮಧ್ಯಾಹ್ನ, ಮುಚ್ಚಿದ ಬಾಗಿಲು, ಒಳಗೆ ಅಣ್ಣ ಒಬ್ಬನೇ — ಕೆರೆಯುವ ಚಾಕು ನಿಂತಿತು, ನಿಂತದ್ದು ನನ್ನ ಕಿವಿಗೆ ತಿಳಿಯಿತು, ನಿಲ್ಲಿಸದೆ ಓದು, ಓದು ಎಂದುಕೊಂಡೆ, ಆ ಮಧ್ಯಾಹ್ನ ಚೇಚಿ ಮನೆಯಲ್ಲೇ ಇರಲಿಲ್ಲ, ತೆಂಗಿನ ಸಿಪ್ಪೆ ಬಡಿಯುವ ಕೆಲಸಕ್ಕೆ ಹೋಗಿದ್ದಳು, ನನಗೆ ಇಪ್ಪತ್ತಾರು, ಸಂಜೆ ನನ್ನ ಮೊದಲ ನಾಟಕ, ಕೋಟ್ಟಯಂನಿಂದ ತೀರ್ಪುಗಾರರು ಬರುವವರಿದ್ದರು, ಹಾರ್ಮೋನಿಯಂನವನ ಜೊತೆ ತಂಗಿ ಓಡಿಹೋದಳೆಂದು ಊರು ಹಲ್ಲು ಕಿರಿದು ಕಿರಿದು ಆಗಷ್ಟೇ ಸುಮ್ಮನಾಗಿತ್ತು, ಟಕ್ ಟಕ್, ಚೇಟ್ಟಾ, ಅಣ್ಣಾ, ನಾನು, ಬಾಗಿಲು ತೆಗಿ, ಅವನು ಬಿಟ್ಟುಹೋದ — ನಾನು ಎದ್ದೆ, ತೆರೆಯಲೆಂದೇ ಎದ್ದೆ ಎಂದು ಮೊದಲು ಬರೆದಿದ್ದೆ, ನಿನ್ನೆ ಆ ಸಾಲು ಹೊಡೆದುಹಾಕಿದೆ, ಸುಳ್ಳು, ಚಿಲಕ ಹಾಕಲೆಂದೇ ಎದ್ದದ್ದು. ಹೊರಗೆ ಸ್ವಲ್ಪ ಹೊತ್ತು ಉಸಿರಾಟ, ಆಮೇಲೆ ಚಪ್ಪಲಿಯ ಸದ್ದು, ಆಮೇಲೆ ಕಾಗೆ. ಮೂರನೆಯ ದಿನ ದೋಣಿಯವರು ಹೊತ್ತು ತಂದರು. ಚೇಚಿಯ ಕಾಲು ಹಿಡಿದು ಎಲ್ಲ ಹೇಳಿದೆ, ಯಾರಿಗೂ ಹೇಳಬೇಡ ಎಂದೆ, ಹೇಳಲಿಲ್ಲ, ಇವಳು ಬಾಯಿ ಬಿಡುವವಳಲ್ಲ ಎಂದು ಗೊತ್ತಿದ್ದೇ ತಾನೇ ನಾಲ್ಕು ವರ್ಷದ ಮೇಲೆ ಅಷ್ಟು ಧೈರ್ಯವಾಗಿ ಬರೆದದ್ದು.

ಮುಗಿಯಿತು, ಏನಾದ್ರೂ ಹೇಳು ಚೇಚಿ, ಎಂದೆ. ಚೆನ್ನಾಗಿದೆ, ಕೊನೇಲಿ ಚಪ್ಪಾಳೆ ಜೋರಾಗಿ ಬೀಳತ್ತೆ, ಎಂದಳು. ಚಪ್ಪಾಳೆಗೆ ಬರೆದಿದ್ದಲ್ಲ ಇದು, ಎಂದೆ. ಮತ್ತಿನ್ಯಾತಕ್ಕೋ, ಅವತ್ತು ನನ್ನ ತಲೆ ಮೇಲೆ ಹಾಕಿ ದೊಡ್ಡೋನಾದೆ, ಇವತ್ತು ನಿನ್ನ ತಲೆ ಮೇಲೆ ಹಾಕ್ಕೊಂಡು ಇನ್ನೂ ದೊಡ್ಡೋನಾಗ್ತೀಯ, ಏನು ಧೈರ್ಯ ಮಾರಾಯಾ ಇವನದು ಅಂತ ಇನ್ನೊಂದು ಶಾಲು ಹೊದಿಸ್ತಾರೆ, ನಂಗೇನು ಬಂತು ಹೇಳು — ದನಿ ಏರಲಿಲ್ಲ, ಏರಿದ್ದರೆ ತಡೆದುಕೊಳ್ಳುತ್ತಿದ್ದೆ. ಹಾಗಾದ್ರೆ ಸುಟ್ಟುಹಾಕ್ಲಾ, ಎಂದೆ. ನನ್ನ ಮುಂದೆ ನಾಟಕ ಆಡಬೇಡ, ಏಳು, ಎಂದು ಕೈ ತೊಳೆದಳು, ಹೆಗಲಿಗೆ ಟವೆಲ್ಲು ಹಾಕಿಕೊಂಡಳು, ಹನ್ನೊಂದರ ಬೋಟಿಗೆ ಕಟ್ಟೆ ಮೇಲೆ ಎಲ್ಲಾ ಇರ್ತಾರೆ, ಅಲ್ಲಿ ಹೇಳು, ಕಾಗದ ಇಲ್ಲೇ ಇರ್ಲಿ. ಅವಳು ಮುಂದೆ, ನಾನು ಹಿಂದೆ, ಕಾಲುವೆಯ ಏರಿ, ಬರಿಗೈ, ಕೈ ಎಲ್ಲಿಡಬೇಕೋ ತಿಳಿಯದು, ತಿರುಗಿ ಹೋಗಬಹುದು, ಅವಳು ಹಿಂದೆ ನೋಡುತ್ತಲೂ ಇಲ್ಲ — ಕಟ್ಟೆಯ ಮೇಲೆ ಒಂಬತ್ತು ಹತ್ತು ಜನ, ನಡುವೆ ಚೀರುತಜ್ಜಿ, ಅಂದು ಮುರಿದ ಮದುವೆಯ ಗಂಡು ಈ ಅಜ್ಜಿಯ ತಮ್ಮನೇ, ಅಜ್ಜಿಗೀಗ ಎಂಬತ್ತೈದು ದಾಟಿದೆ, ಬಾರೇ ದೇವಯಾನಿ, ಸಾಹಿತಿಗಳ ಸವಾರಿ ಎತ್ಲಾಗೆ ಎಂದಳು, ಎಲ್ಲರೂ ನಕ್ಕರು. ಸ್ನೇಹಿತರೇ, ಎಂದು ಶುರು ಮಾಡಿದೆ, ಒಬ್ಬಳು ಕಿಸಕ್ಕೆಂದಳು, ಓಟು ಕೇಳೋಕೆ ಬಂದ್ರಾ ಸಾರ್, ಗಂಟಲಲ್ಲಿ ಒಂದು ಸಾಲೂ ಇಲ್ಲ, ನಲವತ್ತು ವರ್ಷ ಸಾಲು ಕಟ್ಟಿದವನ ಗಂಟಲು — ಲತಿಕಾ ಬಂದಾಗ ಚಿಲಕ ಹಾಕಿದ್ದು ನಾನು. ಚೇಚಿ ಮನೇಲೇ ಇರ್ಲಿಲ್ಲ. ಪುಸ್ತಕದಲ್ಲಿ ಬರೆದಿದ್ದು ಸುಳ್ಳು. ನಗು ಒಬ್ಬೊಬ್ಬರ ಮುಖದಿಂದಲೂ ಇಳಿಯಿತು, ಒಬ್ಬಳು ತನ್ನ ಚೀಲ ಎತ್ತಿ ಮಡಿಲಿಗಿಟ್ಟುಕೊಂಡು, ಕೂತ್ಕೋ ಭೈಮಿಯಕ್ಕ, ಎಂದಳು, ಚೇಚಿ ಕುಳಿತಳು, ಮುಗಿಯಿತು, ಹೇಳಿಬಿಟ್ಟೆ, ಹೊರಡಲು ತಿರುಗಿದೆ, ಏನಂದ ಅವನು, ಎಂದಳು ಚೀರುತಜ್ಜಿ, ನಂಗೆ ಕೇಳಿಸ್ಲಿಲ್ಲ, ಜೋರಾಗಿ ಹೇಳೋ. ಚೇಚಿಯ ಕಡೆ ನೋಡಿದೆ, ಚೇಚಿ ನೀರು ನೋಡುತ್ತಿದ್ದಾಳೆ, ಬೇರೆ ಯಾರೂ ಅಜ್ಜಿಗೆ ಹೇಳಲಾರರು, ನಾನೇ ಹೇಳಬೇಕು, ಅಜ್ಜಿ ಮುಖ ಹೊರಳಿಸಿ ಕಿವಿಯ ಹಿಂದೆ ಅಂಗೈ ಒಡ್ಡಿದ್ದಾಳೆ, ಒಂದು ಕಾಲದಲ್ಲಿ ಭಾರದ ಓಲೆ ತೂಗಿ ಜೋತ ಹಾಲೆ, ಹಾಲೆಯಲ್ಲಿ ಬೆರಳು ತೂರುವಷ್ಟು ತೂತು, ತೂತಿನ ಆಚೆ ನೀರು ಹೊಳೆಯುತ್ತಿದೆ, ನಾನು, ಎಂದೆ, ಇನ್ನೂ ಜೋರಾಗಿ ಎಂದಳು, ನಾನು, ಅಜ್ಜೀ, ನಾನೇ — ಆ ಕಿವಿ, ಜೋತ ಹಾಲೆ, ತೂತು, ತೂತಿನೊಳಗೆ ನೀರು — ನಾನೇ — ತೂತು, ನೀರು —