ತಲೆಗೆ ಕಟ್ಟುವ ಟಾರ್ಚು

ಬೆಳಗ್ಗೆ ಆರಕ್ಕೆ ನನ್ನ ಗಂಡ ನಂದನ ಫೋನು ಹೊಡೆದುಕೊಂಡಿತು. ಹುಣಸಮಾರನಹಳ್ಳಿಯ ಅತ್ತೆ ಮನೆಯಲ್ಲಿ ಹನ್ನೊಂದು ದಿನ ಅದು ಚಾರ್ಜಿಲ್ಲದೆ ಬಿದ್ದಿತ್ತು. ಹಿಂದಿನ ಸಂಜೆ ಸಹಕಾರನಗರದ ನಮ್ಮ ಬಾಡಿಗೆ ಮನೆಗೆ ಮರಳಿದ ಮೇಲೆ ನಾನೇ ಚಾರ್ಜಿಗೆ ಹಾಕಿದ್ದೆ. ಯಾಕೆ ಹಾಕಿದೆನೋ ಗೊತ್ತಿಲ್ಲ. ಪರದೆಯ ಮೇಲೆ ಅವನು ಬರೆದಿಟ್ಟ ಒಂದೇ ಪದವಿತ್ತು: ನಾಲಿಗೆ.

ಅಡುಗೆಮನೆಯಲ್ಲಿ ಅತ್ತೆ ಸೊಣ್ಣಮ್ಮ ಹಾಲು ಕಾಯಿಸುತ್ತಿದ್ದರು. ನನ್ನ ಅಮ್ಮ ತೀರಿಕೊಂಡು ವರ್ಷಗಳಾಗಿವೆ. ಮಗುವಿಗೆಂದು ಅತ್ತೆ ಜೊತೆಗೆ ಬಂದಿದ್ದರು. ದಿನಾ ಒಂದು ಮೊಳ ಹಾಕಿ ಹೋಗುತ್ತಿದ್ದ ಹೂವಿನವಳು ಗೇಟಿನ ಬಳಿ ಒಂದು ಗಳಿಗೆ ನಿಂತಳು. ಕೂಗಲಿಲ್ಲ. ಮುಂದೆ ಹೋದಳು.

ಅಲಾರಂ ನಿಲ್ಲಿಸಿದೆ. ಮತ್ತೆ ಹತ್ತಕ್ಕೆ, ಎರಡಕ್ಕೆ, ಆರಕ್ಕೆ, ಹತ್ತಕ್ಕೆ ಹೊಡೆಯುತ್ತದೆ. ಮಗುವನ್ನು ಎದೆಗೆ ಹಾಕಿಕೊಂಡೆ. ಟಕ್, ಟಕ್ ಎಂಬ ಸದ್ದು ಬಂತು. ಬಾಯಿಯ ಅಂಚಿನಿಂದ ಹಾಲು ಇಳಿದು ನನ್ನ ಸೀರೆ ಒದ್ದೆಯಾಯಿತು. ಈ ಸದ್ದು ನಿಂತಿತ್ತು. ಮತ್ತೆ ಯಾವಾಗ ಶುರುವಾಯಿತು ಎಂಬುದನ್ನು ನಾನು ಗಮನಿಸಿರಲಿಲ್ಲ.

ನಾಲಿಗೆಯ ಅಡಿಯಲ್ಲಿ ಒಂದು ಎಳೆ ಇರುತ್ತದೆ. ಎಲ್ಲರಿಗೂ ಇರುತ್ತದೆ. ನನ್ನ ಮಗಳಿಗೆ ಅದು ಗಿಡ್ಡವಾಗಿ, ದಪ್ಪವಾಗಿ, ತುದಿಯವರೆಗೂ ಹಬ್ಬಿತ್ತು. ನಾಲಿಗೆ ಮೇಲೇಳುತ್ತಿರಲಿಲ್ಲ, ಬಾಯಿ ಟಕ್ ಎಂದು ಮೊಲೆಯಿಂದ ಜಾರುತ್ತಿತ್ತು, ತೂಕ ಏರುತ್ತಿರಲಿಲ್ಲ. ಒಂದೂವರೆ ತಿಂಗಳಿಗೆ ಆರ್.ಟಿ. ನಗರದ ಡಾಕ್ಟರು ಕತ್ತರಿಯಿಂದ ಅದನ್ನು ಬಿಡಿಸಿದರು. ಒಂದು ನಿಮಿಷವೂ ಹಿಡಿಯಲಿಲ್ಲ. ನಿಜವಾದ ಕೆಲಸ ಇನ್ನು ಮೇಲೆ ಎಂದರು. ಗಾಯ ಬೇಗ ಕೂಡಬಾರದು, ಕೂಡಿದರೆ ಮತ್ತೆ ಅಂಟಿಕೊಳ್ಳುತ್ತದೆ. ಅದಕ್ಕೆ ನಾಲ್ಕು ವಾರ, ದಿನಕ್ಕೆ ಐದು ಸಲ, ಬೆರಳು ಹಾಕಿ ನಾಲಿಗೆಯನ್ನು ಎತ್ತಿ ಹಿಡಿಯಬೇಕು. ಮಗು ಅಳುತ್ತದೆ, ಅತ್ತರೂ ಎತ್ತಬೇಕು.

ನಾನು ಧಾರವಾಡದಲ್ಲಿ ಪ್ರಾಣಿಶಾಸ್ತ್ರ ಓದಿದವಳು. ಮೊದಲ ಸಲ ಕೈ ತೊಳೆದು ಬಂದು, ಆ ಪುಟ್ಟ ಬಾಯಿ ನೋಡಿ, ಆಗುವುದಿಲ್ಲ ಎಂದೆ.

“ಕಪ್ಪೆ ಕೊಯ್ದೋಳಿಗೆ ಇದಕ್ಕೆ ಭಯಾನಾ?” ಎಂದ ನಂದ. ಆಮೇಲೆ ಅವನೇ ಮಾಡಿದ.

ಎರಡು ಕೈಯೂ ಮಗುವಿನ ಬಾಯಿಗೇ ಬೇಕು. ಬೆಳಕು ಹಿಡಿಯುವವರು ಬೇರೆ ಯಾರೂ ಇಲ್ಲ. ನಾನು ಆ ಹೊತ್ತಿಗೆ ಕೋಣೆಯಿಂದ ಹೊರಗೆ ಹೋಗಿಬಿಡುತ್ತಿದ್ದೆ. ಅವನು ಕೊಡಿಗೆಹಳ್ಳಿಯಲ್ಲಿ ನೆಲದಡಿಯ ನೀರಿನ ಸಂಪಿಗೆ ಇಳಿದು ಮೋಟಾರು ರಿಪೇರಿ ಮಾಡುವ ಅಕ್ಬರ್ ಪಾಷಾ ಅವರಿಂದ ತಲೆಗೆ ಕಟ್ಟುವ ಟಾರ್ಚು ಕೇಳಿ ತಂದ. ಎರಡು ದಿನ ಸಾಕು, ಆಮೇಲೆ ಹೊಸದು ತರುತ್ತೇನೆ ಎಂದಿದ್ದನಂತೆ. ಕಟ್ಟಿಕೊಳ್ಳುವ ಮೊದಲು ಪಟ್ಟಿಯ ಮೇಲೆ, ಬಕಲ್ ಇದ್ದ ಜಾಗದಲ್ಲಿ, ಬಾಲ್‌ಪೆನ್ನಿನಿಂದ ಒಂದು ಗೆರೆ ಎಳೆದ. ಇದು ಪಾಷಾ ಅವರ ತಲೆಯ ಅಳತೆ, ತಂದ ಹಾಗೇ ವಾಪಸ್ ಕೊಡಬೇಕು ಎಂದ.

ಡಾಕ್ಟರು ಅವನಿಗೂ ನಾಲಿಗೆ ಚಾಚಲು ಹೇಳಿದ್ದರು. ಅದು ತುಟಿ ದಾಟಲಿಲ್ಲ. ತುದಿ ನಡುವೆ ಸೀಳಿದಂತೆ ಒಳಕ್ಕೆ ಎಳೆದುಕೊಂಡಿತ್ತು. ಅಪ್ಪನದೂ ಮಗಳದೂ ಒಂದೇ ಅಚ್ಚು ಎಂದು ಡಾಕ್ಟರು ನಕ್ಕರು. ದೊಡ್ಡವರಿಗೂ ಮಾಡಬಹುದು, ಮರಗಟ್ಟಿಸಿ ಬಿಡಿಸಿ ಎರಡು ಹೊಲಿಗೆ ಹಾಕುತ್ತೇವೆ, ಆಮೇಲೆ ಕೆಲವು ವಾರ ನಾಲಿಗೆಯ ವ್ಯಾಯಾಮ ಎಂದರು. ನಂದ ಮೊದಲಿನಿಂದಲೂ ಕಡಿಮೆ ಮಾತಿನವನು. ಹೋಟೆಲಿನಲ್ಲಿ ನಾನೇ ಆರ್ಡರ್ ಹೇಳಬೇಕಿತ್ತು, ಫೋನು ಬಂದರೆ ನನಗೆ ಕೊಡುತ್ತಿದ್ದ. ಅದು ಅವನ ಸ್ವಭಾವ ಎಂದು ನಾನು ಅಂದುಕೊಂಡಿದ್ದೆ. ಅವನು ತನಗೂ ಒಂದು ದಿನ ಗೊತ್ತುಮಾಡಿಸಿಕೊಂಡು ಬಂದ.

“ಇವಳ್ದು ಮುಗೀಲಿ, ಆಮೇಲೆ ನಂದು. ಆಗ ಟಾರ್ಚ್ ನೀನು ಕಟ್ಕೊಬೇಕು, ತಪ್ಪಿಸ್ಕೊಳ್ಳೋ ಹಾಗಿಲ್ಲ.”

ಅತ್ತೆಗೆ ಏನೂ ಹೇಳಿರಲಿಲ್ಲ. ಹೆದರುತ್ತಾರೆ, ಎಲ್ಲ ವಾಸಿಯಾದ ಮೇಲೆ ಹೇಳೋಣ ಎಂದಿದ್ದ. ಮಗುವಿನ ನಾಲಿಗೆ ಬಿಡಿಸಿದ ನಾಲ್ಕನೆಯ ದಿನ ಸಂಜೆ ಮಳೆ ಬಂತು. ಹೆಬ್ಬಾಳದ ಮೇಲ್ಸೇತುವೆ ಇಳಿಯುವಲ್ಲಿ ಅವನ ಬೈಕು ಜಾರಿತು. ಅಷ್ಟೇ ಬರೆಯುತ್ತೇನೆ.

ಊರಿನಲ್ಲಿ ನಾಲಿಗೆಯ ವಿಷಯ ಮರೆತೆ ಎಂದರೆ ಸುಳ್ಳಾಗುತ್ತದೆ. ಮೂರನೆಯ ದಿನ, ಹಾಲುತುಪ್ಪ ಬಿಡಲು ಗಂಡಸರು ಸಮಾಧಿಯ ಕಡೆ ಹೊರಟ ಹೊತ್ತಿನಲ್ಲಿ, ನೆನಪಾಯಿತು. ಬಚ್ಚಲಿಗೆ ಹೋಗಿ ಸೋಪು ಹಾಕಿ ಕೈ ತೊಳೆದುಕೊಂಡೆ. ಮಗು ಯಾರದೋ ಮಡಿಲಲ್ಲಿ ಮಲಗಿತ್ತು. ಆ ಮನೆಯಲ್ಲಿ ಅಳದೆ ಇದ್ದದ್ದು ಅದೊಂದೇ. ಕೈ ಒರೆಸಿಕೊಂಡು ಬಂದು ನನ್ನ ಮೂಲೆಯಲ್ಲಿ ಕುಳಿತೆ. ಮಾರನೆಯ ದಿನ ಕೈ ತೊಳೆಯಲೂ ಏಳಲಿಲ್ಲ.

ಆ ಬೆಳಗ್ಗೆ ಸಹಕಾರನಗರದ ಮನೆಯಲ್ಲಿ ಟಾರ್ಚು ಕಿಟಕಿಯ ಸರಳಿಗೆ ತೂಗುತ್ತಿತ್ತು, ಅವನು ಇಟ್ಟ ಹಾಗೇ. ತಲೆಗೆ ಹಾಕಿಕೊಂಡೆ. ಪಟ್ಟಿ ಮೂಗಿನವರೆಗೂ ಇಳಿಯಿತು. ಬಕಲ್ ಎಳೆದು ಬಿಗಿ ಮಾಡಿಕೊಂಡೆ. ಮಗುವನ್ನು ತೊಡೆಯ ಮೇಲೆ ಮಲಗಿಸಿ ಬೆರಳು ಹಾಕಿ ನಾಲಿಗೆ ಎತ್ತಲು ನೋಡಿದೆ. ಏಳಲಿಲ್ಲ. ಗಾಯವಿದ್ದಲ್ಲಿ ಎಳೆ ಮತ್ತೆ ಬಂದಿತ್ತು, ಮೊದಲಿಗಿಂತ ಬಿಳಿಯಾಗಿ, ಗಡುಸಾಗಿ.

“ಏನಮ್ಮಿ ಅದು ತಲೆಗೆ?”

ಅತ್ತೆ ಹಾಲಿನ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಎಲ್ಲವನ್ನೂ ಹೇಳಿದೆ. ಕತ್ತರಿಸಿದ್ದು, ಅವರಿಂದ ಮುಚ್ಚಿಟ್ಟದ್ದು, ಬಚ್ಚಲಲ್ಲಿ ಕೈ ತೊಳೆದು ಸುಮ್ಮನೆ ಬಂದದ್ದು. ಬೈಯುತ್ತಾರೆ ಅಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು. ಅವರು ನೆಲದ ಮೇಲೆ ಕುಳಿತು, ತೋರಿಸು ಎಂದರು. ನನ್ನ ತಲೆಯ ಬೆಳಕಿನಲ್ಲಿ ಬಗ್ಗಿ, ಬಹಳ ಹೊತ್ತು ನೋಡಿದರು.

ನಂದನಿಗೂ ಮೊಲೆ ಹಿಡಿಯಲು ಬರಲಿಲ್ಲವಂತೆ. ಆರು ತಿಂಗಳು ಒಳಲೆಯಲ್ಲಿ ಹಾಲು ಹೊಯ್ದು ಸಾಕಿದರಂತೆ. ಸೂಲಗಿತ್ತಿ ಉಗುರಿನಲ್ಲೇ ಆ ಎಳೆ ಹರಿದುಬಿಡುತ್ತೇನೆ ಎಂದಾಗ ಇವರೇ ಬೇಡ ಎಂದಿದ್ದರು. ಮಾತು ತೊದಲುತ್ತದೆಂದು ಸ್ಕೂಲಿನಲ್ಲಿ ಹುಡುಗರು ಅವನನ್ನು ಮುದ್ದೆಬಾಯಿ ಎಂದು ಕರೆದರಂತೆ. ಅವನು ಇದಾವುದನ್ನೂ ನನಗೆ ಹೇಳಿರಲಿಲ್ಲ.

“ಅವನ್ ನಾಲಿಗೇನೇ ಇದು,” ಎಂದರು. ಮಗುವಿನ ಗಲ್ಲ ಒರೆಸಿ, “ಬುಟ್ಬುಡಮ್ಮಿ. ಅವನು ಇಂಗೇ ಬೆಳೀಲಿಲ್ವಾ? ಅವನ್ದು ಅಂತ ಅದೊಂದಾದ್ರೂ ಉಳ್ಕಳ್ಳಿ.”

ಡಾಕ್ಟರು ಹೇಳಿದ್ದೆಲ್ಲ ಗೊತ್ತಿತ್ತು. ಮಗು ಹನ್ನೊಂದು ದಿನದಲ್ಲಿ ಹಗುರವಾಗಿದ್ದು ನನ್ನ ಕೈಗೇ ತಿಳಿಯುತ್ತಿತ್ತು. ಆದರೂ ಆ ಎಳೆ ನೋಡಿದಾಗ ನನಗೆ ಮೊದಲು ಆದದ್ದು ಭಯವಲ್ಲ. ಅತ್ತೆಗೆ ಆದದ್ದೇ ನನಗೂ ಆಗಿತ್ತು. ಬಿಟ್ಟುಬಿಟ್ಟರೆ ಆಗುತ್ತಿತ್ತು. ಇಬ್ಬರೂ ಒಳಲೆಯಲ್ಲಿ ಹಾಲು ಹೊಯ್ಯುತ್ತಾ, ಅವನ ನಾಲಿಗೆಯನ್ನು ಕಾಯುತ್ತಾ ಇರಬಹುದಿತ್ತು. ಮಗು ಹಸಿವಿಗೆ ಅಳುತ್ತಾ ಅಳುತ್ತಾ ಸುಸ್ತಾಗಿ ಮಲಗಿತು. ನಾವು ಅಲ್ಲಿಯೇ ಕುಳಿತಿದ್ದೆವು. ಟಾರ್ಚು ಆರಿಸುವುದು ನೆನಪಾಗಲಿಲ್ಲ.

ಹತ್ತಕ್ಕೆ ಫೋನು ಮತ್ತೆ ಹೊಡೆಯಿತು.

“ಯಾರ್ದು ಫೋನು?”

“ಯಾರೂ ಮಾಡಿದ್ದಲ್ಲ ಅತ್ತೆ. ನಿಮ್ಮ ಮಗ ಇಟ್ಟಿದ್ದು. ಟೈಮಿಗೆ ಸರಿಯಾಗಿ ಹೊಡೀತದೆ.”

ಅವರಿಗೆ ಓದಲು ಬಾರದು. ಏನು ಬರೆದಿದ್ದಾನೆ ಎಂದು ಕೇಳಿದರು. ಓದಿ ಹೇಳಿದೆ. ಅವರು ಫೋನನ್ನು ಕೈಗೆ ತೆಗೆದುಕೊಂಡರು. ಅದು ತಾನಾಗಿಯೇ ನಿಲ್ಲುವವರೆಗೂ ಹಿಡಿದುಕೊಂಡಿದ್ದರು.

“ದಿನಾ ಇಂಗೇ ಒಡ್ಕಳ್ತದಾ?”

“ಐದು ಸಲ.”

ಅತ್ತೆ ಎದ್ದರು. ಮಗುವಿನ ಟೋಪಿ ಹುಡುಕಿದರು.

“ನಡಿ. ಆ ಡಾಕ್ಟ್ರು ಎಲ್ಲವ್ರೆ?”

ಡಾಕ್ಟರು ಎರಡು ಫೈಲು ತೆಗೆದು ಮೇಜಿನ ಮೇಲಿಟ್ಟು, ಅಪ್ಪ ಬರಲಿಲ್ಲವೇ ಎಂದು ಕೇಳಿದರು. ಹೇಳಿದೆ. ಅವರು ಒಂದು ಫೈಲನ್ನು ನಿಧಾನವಾಗಿ ಡ್ರಾಯರಿನೊಳಗೆ ಇಟ್ಟರು. ಅಂಟಿಕೊಂಡದ್ದಕ್ಕೆ ಯಾರನ್ನೂ ದೂರಲಿಲ್ಲ. ಒಳಗೆ ಯಾರು ಬರುತ್ತೀರಿ, ತಲೆ ಅಲುಗದಂತೆ ಹಿಡಿಯಬೇಕು ಎಂದರು. ನಾನು ಏಳುವಷ್ಟರಲ್ಲಿ ಅತ್ತೆ ಸೆರಗು ಸಿಕ್ಕಿಸಿಕೊಂಡು ಹೊರಟಿದ್ದರು. ನಾನೂ ಹಿಂದೆ ಹೋದೆ. ಈ ಸಲ ಹೊರಗೆ ನಿಲ್ಲಲಿಲ್ಲ. ಕತ್ತರಿ ಆಡಿದಾಗ ಅತ್ತೆ ಕಣ್ಣು ಮುಚ್ಚಲಿಲ್ಲ. ಒಂದು ಹನಿ ರಕ್ತ ಬಂತು, ಹತ್ತಿಯಿಂದ ಒತ್ತಿದರು, ಮಗುವನ್ನು ನನ್ನ ಎದೆಗೆ ಕೊಟ್ಟರು. ಅತ್ತೆ ಬಗ್ಗಿ ಕಿವಿ ಹತ್ತಿರ ತಂದರು. ಟಕ್ ಎಂಬ ಸದ್ದಿರಲಿಲ್ಲ. ನುಂಗುವ ಸದ್ದು ಮಾತ್ರ ಇತ್ತು.

ಆಮೇಲೆ ನಾಲ್ಕು ವಾರ ನಾನೇ ಮಾಡಿದೆ. ಅತ್ತೆ ತಲೆ ಹಿಡಿದರು, ನಾನು ಟಾರ್ಚು ಕಟ್ಟಿಕೊಂಡೆ. ಮೊದಲ ವಾರ ಮೂವರೂ ಅಳುತ್ತಿದ್ದೆವು. ಆಮೇಲೆ ಮಗು ಮಾತ್ರ ಅಳುತ್ತಿತ್ತು. ಅಲಾರಂ ಹೊಡೆಯುವ ಮುಂಚೆಯೇ ಅತ್ತೆ ಕೂಗುತ್ತಿದ್ದರು: “ಒತ್ತಾಯ್ತು ಭಾಗ್ಯ, ಕೈ ತೊಳ್ಕೊ.” ನಂದ ಗೊತ್ತುಮಾಡಿಕೊಂಡಿದ್ದ ದಿನ ಎರಡನೆಯ ವಾರದಲ್ಲಿ ಬಂತು. ಆ ದಿನವೂ ಐದು ಸಲ ಎತ್ತಿದೆ.

ಇನ್ನು ಸಾಕು ಎಂದು ಡಾಕ್ಟರು ಹೇಳಿದ ಮಾರನೆಯ ದಿನ ಮಗುವನ್ನು ಎತ್ತಿಕೊಂಡು ಕೊಡಿಗೆಹಳ್ಳಿಗೆ ನಡೆದೆ. ಪಾಷಾ ಅಂಗಡಿಯಲ್ಲಿ ಇರಲಿಲ್ಲ. ಹಿಂದಿನ ಬೀದಿಯ ಒಂದು ಮನೆಯ ಸಂಪಿನ ಬಾಯಿಯಲ್ಲಿ ಕಾಲು ಇಳಿಬಿಟ್ಟು ಕುಳಿತಿದ್ದರು. ನನ್ನನ್ನು ನೋಡಿ ಎದ್ದು ನಿಂತು ಪ್ಯಾಂಟಿಗೆ ಕೈ ಒರೆಸಿಕೊಂಡರು. ತಡವಾಯಿತು, ಕ್ಷಮಿಸಿ ಎಂದೆ.

“ಎರಡು ದಿನ ಅಂದಿದ್ರು ನಿಮ್ಮ ಯಜಮಾನ್ರು,” ಎಂದು ನಗಲು ಹೋಗಿ ನಿಲ್ಲಿಸಿದರು. “ಕೇಳೋಕೆ ಮನಸ್ಸು ಬರ್ಲಿಲ್ಲ ಮೇಡಂ. ಬೆಳಕಿಗೆ ಫೋನು ಹಲ್ಲಲ್ಲಿ ಕಚ್ಕೊಂಡು ಇಳೀತಿದ್ದೆ. ಒಂದು ಸಲ ನೀರಿಗೂ ಬಿತ್ತು.”

ಹೊಸ ಬ್ಯಾಟರಿ ಹಾಕಿದ್ದೇನೆ ಎಂದೆ. ಕೊಡುವ ಮುಂಚೆ ಪಟ್ಟಿಯನ್ನು ನೋಡಿದೆ. ಬಕಲ್ ನನ್ನ ಅಳತೆಯಲ್ಲಿತ್ತು. ಅದಕ್ಕೆ ಎರಡು ಬೆರಳಿನಷ್ಟು ಆಚೆ, ಎಲಾಸ್ಟಿಕ್ ಮಡಿಕೆ ಬಿದ್ದಲ್ಲಿ, ಅವನ ಅಳತೆ. ಇನ್ನೂ ಆಚೆ ಬಾಲ್‌ಪೆನ್ನಿನ ಗೆರೆ, ಮಸುಕಾಗಿತ್ತು. ಬಕಲನ್ನು ಮಡಿಕೆ ದಾಟಿಸಿ ಗೆರೆಯವರೆಗೂ ಸರಿಸಿದೆ.

ಪಾಷಾ ಟಾರ್ಚನ್ನು ತಲೆಗೆ ಹಾಕಿಕೊಂಡರು. ಸರಿಯಾಗಿ ಕೂತಿತು. ಮಗು ಆ ಬೆಳಕನ್ನೇ ನೋಡುತ್ತಾ ನಾಲಿಗೆ ಹೊರಗೆ ಚಾಚಿತು, ತುಟಿ ದಾಟಿ. ಅರೆ, ನನ್ನನ್ನೇ ಅಣಕಿಸುತ್ತೀಯಾ ಎಂದು ಅವರೂ ನಾಲಿಗೆ ಚಾಚಿದರು. ಆಮೇಲೆ ಸ್ಪ್ಯಾನರು ಎತ್ತಿಕೊಂಡು ಏಣಿಯಲ್ಲಿ ಇಳಿದರು. ಬೆಳಕು ಗೋಡೆಯ ಮೇಲೆ ಇಳಿಯುತ್ತಾ ಹೋಗಿ ನೀರು ಮುಟ್ಟಿತು.