ಚಂದ್ರಾಮ ಮುತ್ಯಾನ ಹೊಲ

ಸಾಯುವುದಕ್ಕೆ ಅಂಬಾರಾಯ ಹೆದರಿರಲಿಲ್ಲ. ತನ್ನನ್ನು ಎಲ್ಲಿ ಮಣ್ಣು ಮಾಡುತ್ತಾರೆ ಎಂಬುದೊಂದೇ ಅವನ ಚಿಂತೆ. ಶಹಾಬಾದಿನಲ್ಲಿ ಹಾಸುಗಲ್ಲು ಕೊಯ್ಯುವ ಮಷಿನ್ನಿನ ಮುಂದೆ ಆಯುಷ್ಯ ಕಳೆದ ಮನುಷ್ಯ. ಎದೆಯ ತುಂಬ ಕಲ್ಲಿನ ಧೂಳು. ನಾಲ್ಕು ಮಾತಾಡಿದರೆ ಕೆಮ್ಮು ಬಂದು ಕಣ್ಣು ಮೇಲಾಗುತ್ತಿತ್ತು. ಸೇಡಂ ದವಾಖಾನೆಯಲ್ಲಿ ನರ್ಸ್ ಆಗಿದ್ದ ಮಗಳು ಯಶೋಧರಾ ರಜೆ ಹಾಕಿ ಬಂದಾಗ ಅವಳ ಮುಂಗೈ ಹಿಡಿದುಕೊಂಡ.

"ನನ್ನ ಮುತ್ಯಾನ ಬಾಜೂಕ ಮಲಗಸ್ರಿ. ರಾವೂರ ಹೊಲದಾಗ. ಹೋಗಿ ಜಾಗಾ ನೋಡಿ ಬಾ."

ಆ ಮುತ್ಯಾ, ಅಂಬಾರಾಯನ ಅಜ್ಜ ಚಂದ್ರಾಮ, ಆ ಮನೆಗೆ ದೇವರಿಗಿಂತ ಹೆಚ್ಚು. ಚಿಂಚೋಳಿ ಕಡೆಯ ಚಿಮ್ಮನಚೋಡದಿಂದ ಹೆಂಡತಿಯನ್ನು ಕರೆದುಕೊಂಡು ನಡೆದೇ ಬಂದವನು. ಅಲ್ಲಿ ಅವನ ಜನ ಊರವರ ಹೊಲದಲ್ಲಿ ದುಡಿಯಬಹುದಿತ್ತು, ತಮ್ಮದೊಂದು ಹೊಲ ಮಾಡಿಕೊಳ್ಳುವಂತಿರಲಿಲ್ಲ. ರಾವೂರಿನ ಆಚೆ ಯಾರಿಗೂ ಬೇಡವಾದ ಬೀಳು ಬಿದ್ದಿತ್ತು. ಅಂಗೈ ದಪ್ಪ ಮಣ್ಣು, ಕೆಳಗೆ ಬರೀ ಹಾಸುಗಲ್ಲು. ಚಂದ್ರಾಮ ಹಾರೆ ಹಾಕಿ ಕಲ್ಲು ಎಬ್ಬಿಸಿದ, ಅದೇ ಕಲ್ಲಿನಲ್ಲಿ ಒಡ್ಡು ಕಟ್ಟಿದ. ಹಳ್ಳದ ಕರಿಮಣ್ಣನ್ನು ಗಂಡ ಹೆಂಡತಿ ಬುಟ್ಟಿಯಲ್ಲಿ ಹೊತ್ತು ತಂದು ಹಾಸಿದರು. ಎಷ್ಟೋ ವರ್ಷಕ್ಕೆ ಅಲ್ಲಿ ತೊಗರಿ ಎದ್ದು ನಿಂತಿತು. ಅವರ ಜನದಲ್ಲಿ ಆ ಸೀಮೆಗೆ ಅದೇ ಮೊದಲ ಹೊಲ. ಸತ್ತಾಗ ಅವನನ್ನು ಅಲ್ಲೇ, ಒಡ್ಡಿನ ಹತ್ತಿರ ಮಣ್ಣು ಮಾಡಿದ್ದರು.

ಅಂಬಾರಾಯ ಚಿಕ್ಕಂದಿನಲ್ಲೇ ಊರು ಬಿಟ್ಟಿದ್ದ. ಹೊಲ ದೊಡ್ಡಪ್ಪನ ಕಡೆಯವರಿಗೆ ಉಳಿದಿತ್ತು. ಯಶೋಧರಾಳ ಅಣ್ಣ ಕಪಿಲ ವಾಡಿಯಲ್ಲಿ ಮಾಸ್ತರನಾಗಿದ್ದವನು. ಅವನೊಮ್ಮೆ ಮುತ್ಯಾನ ಕತೆ ಹುಡುಕುತ್ತೇನೆಂದು ಹೊರಟು, ಹೊಲ ನೋಡಿ ಬಂದು ಅಪ್ಪನ ಮುಂದೆ ಕೂತು ಎಲ್ಲ ಹೇಳಿದ್ದ. ತೊಗರಿ ಎದೆಮಟ ನಿಂತದ, ಬಾವಿಯಾಗ ನೀರದ, ಬೇವಿನ ಗಿಡ ಹಂಗೇ ಅದ, ಮುತ್ಯಾನ ಸಮಾಧಿಗೆ ನಾನ ಸುಣ್ಣಾ ಹಚ್ಚಿ ಬಂದೀನಿ. ಕೇಳುತ್ತ ಕೇಳುತ್ತ ಅಂಬಾರಾಯ ಅತ್ತಿದ್ದ. ಮರುವರ್ಷ ರಸ್ತೆಯಲ್ಲಿ ಲಾರಿ ಬಡಿದು ಕಪಿಲ ತೀರಿಕೊಂಡ. ಅಂದಿನಿಂದ ಮುದುಕನಿಗೆ ಮಗನೂ ಆ ಹೊಲವೂ ಒಂದೇ ಆಗಿಬಿಟ್ಟಿದ್ದವು.

ಯಶೋಧರಾ ಮೊದಲು ಚಿತ್ತಾಪುರಕ್ಕೆ ಹೋದಳು. ಅಲ್ಲಿ ಅಪ್ಪನ ದೊಡ್ಡಪ್ಪನ ಮಗಳು ಗುಂಡಮ್ಮ ಇದ್ದಳು. ಕಿವಿ ಮಂದ, ನೆನಪು ಚುರುಕು.

"ಅತ್ತಿ, ಮುತ್ಯಾನ ಹೇಣತಿ ಹೆಸರೇನು?"

"ಅಕೀ ಹೆಸರು ಯಾರಿಗೂ ಗೊತ್ತಿಲ್ಲವ್ವ. ಎಲ್ಲಾರೂ ಆಯಿ ಅಂತಿದ್ರು. ಮಣ್ಣು ಹೊತ್ತು ಹೊತ್ತು ನೆತ್ತಿ ಮ್ಯಾಲ ಕೂದ್ಲಾನೇ ಇರಲಿಲ್ಲಂತ."

"ಈಗ ಹೊಲ ಯಾರ ಕೈಯಾಗದ?"

ಗುಂಡಮ್ಮ ಸೆರಗಿನಿಂದ ಬಾಯಿ ಒರೆಸಿಕೊಂಡಳು. "ನಮ್ಮಣ್ಣ ಇದ್ದಾಗ ಏನೇನೋ ಆತು. ರಾವೂರಾಗ ಮುಕ್ರಮನ್ನ ಕೇಳು. ನಿಮ್ಮಣ್ಣನೂ ಅವನ ಹಂತೇಲೇ ಹೋಗಿದ್ದ. ನಿನಗ ಹೇಳಿಲ್ಲೇನು?"

ರಾವೂರಿನ ಬಸ್‌ಸ್ಟ್ಯಾಂಡಿನ ಹತ್ತಿರವೇ ಮುಕ್ರಮನ ಚಹಾದ ಅಂಗಡಿ. ಒಂದು ಕಾಲಕ್ಕೆ ಖಣಿಯ ಕಲ್ಲು ಸಾಗಿಸುತ್ತಿದ್ದ ಮನುಷ್ಯ. ಕಪಿಲನ ತಂಗಿ ಎಂದು ಹೇಳಿದ್ದೇ ತಡ, ಕೈಯಲ್ಲಿದ್ದ ಕಪ್ಪು ಕೆಳಗಿಟ್ಟ. "ಮಾಸ್ತರ ಹ್ಯಾಂಗದಾನ?" ಎಂದ. ಹೇಳಿದಳು. ಅವನು ಒಲೆ ಆರಿಸಿದ. ಆಮೇಲೆ ಅಂಗಡಿ ಮುಚ್ಚಿ, "ಬಾ ಬೇಟಿ" ಎಂದು ಮುಂದೆ ನಡೆದ.

ಹೊಲ ಇರಲಿಲ್ಲ.

ಅಲ್ಲೊಂದು ದೊಡ್ಡ ಗುಂಡಿ ಇತ್ತು. ಮೆಟ್ಟಿಲು ಮೆಟ್ಟಿಲಾಗಿ ಕತ್ತರಿಸಿದ ಕಲ್ಲಿನ ಗೋಡೆಗಳು, ತಳದಲ್ಲಿ ಹಸಿರುಗಟ್ಟಿದ ನೀರು. ಕಲ್ಲು ಮುಗಿದ ಮೇಲೆ ಖಣಿಯವರೂ ಬಿಟ್ಟು ಹೋಗಿದ್ದರು. ದಂಡೆಯ ಮೇಲೆ ಜಾಲಿ ಬೆಳೆದ ಮಣ್ಣಿನ ಗುಡ್ಡೆಯೊಂದಿತ್ತು.

"ಮೊದಲ ಮ್ಯಾಲಿನ ಮಣ್ಣು ಬಳದು ತೆಗೀತಾರ. ಅದ ಇದು," ಎಂದ ಮುಕ್ರಮ.

"ಕಾಕಾ, ಇಲ್ಲೊಂದು ಸಮಾಧಿ ಇತ್ತಲ್ಲ?"

"ಇತ್ತು. ಮಷಿನ್ ಬಂದಾಗ ನಾ ಇರಲಿಲ್ಲಮ್ಮ. ಏನು ಸಿಕ್ಕಿತು, ಎಲ್ಲಿ ಒಗದ್ರು, ಖುದಾನಾಣೆ ಗೊತ್ತಿಲ್ಲ."

ಯಶೋಧರಾ ಆ ಗುಡ್ಡೆಯ ಬುಡದಲ್ಲಿ ಕೂತಳು. ಚಂದ್ರಾಮ ಮತ್ತು ಹೆಸರಿಲ್ಲದ ಆ ಆಯಿ ಹೊತ್ತು ತಂದ ಮಣ್ಣೆಲ್ಲ ಕಲ್ಲುಚೂರಿನೊಡನೆ ಕಲಸಿಹೋಗಿತ್ತು.

"ನಮ್ಮಣ್ಣ ಇದನ್ನ ನೋಡಿದ್ನೇನು?"

"ನೋಡಿದ. ಕೈಲೇ ಮಣ್ಣು ಕೆದರಿ ಕೆದರಿ ಹುಡುಕಿದ. ಬ್ಯಾಡ ಅಂದ್ರೂ ಕೇಳಲಿಲ್ಲ. ಆಮ್ಯಾಲ ನನ್ನ ಅಂಗಡ್ಯಾಗ ಕುಂತು ಒಂದೊಂದೇ ಕೇಳಿದ. ಬಾವಿ ಯಾವ ದಿಕ್ಕಿಗಿತ್ತು, ಗಿಡ ಯಾವುದು, ಒಡ್ಡು ಎಷ್ಟು ಎತ್ತರ. ನಾ ಅಂದೆ, ಬೇವಿನ ಗಿಡ ಇತ್ತು ಮಾಸ್ತರ. ಅಂವ, ಬೇವು ಹೌದಲ್ಲ, ಅಪ್ಪಗ ತಪ್ಪು ಹೇಳಬಾರದು ಅಂದ."

ಬಸ್ಸಿನಲ್ಲಿ ಅವಳಿಗೆ ಅಳು ಬರಲಿಲ್ಲ, ಸಿಟ್ಟು ಬಂತು. ಸತ್ತವನ ಮೇಲೆ ಸಿಟ್ಟು ಮಾಡಿಕೊಂಡು ಏನು ಮಾಡುವುದು? ಎಲ್ಲ ಗೊತ್ತಿದ್ದೂ ಒಬ್ಬನೇ ನುಂಗಿಕೊಂಡು ತಿರುಗಿದ. ತನಗೊಂದು ಮಾತು ಹೇಳಿದ್ದರೆ ಆಗುತ್ತಿರಲಿಲ್ಲವೇ? ಶಹಾಬಾದ್ ಬರುವಷ್ಟರಲ್ಲಿ ತಾನೂ ಅಣ್ಣನಂತೆಯೇ ಹೊಲ ಇದೆ ಎಂದು ಹೇಳಿಬಿಡಬೇಕೆಂದು ಗಟ್ಟಿ ಮಾಡಿಕೊಂಡಿದ್ದಳು.

ಮನೆಯಲ್ಲಿ ಅಂಬಾರಾಯ ತಲೆದಿಂಬಿಗೆ ಒರಗಿ ಕೂತಿದ್ದ. ಎಷ್ಟೋ ದಿನದ ಮೇಲೆ ಗಡ್ಡ ಬೋಳಿಸಿಕೊಂಡು, ತೊಳೆದ ಅಂಗಿ ಹಾಕಿಕೊಂಡಿದ್ದ. ಅವ್ವ ಸಾಬಮ್ಮ ಅವನ ಬಟ್ಟೆಯನ್ನು ಚೀಲಕ್ಕೆ ತುಂಬುತ್ತಿದ್ದಳು.

"ಜೀಪಿನಾಂವಗ ಹೇಳಿ ಕಳಿಸೀನಿ," ಎಂದ ಅವನು. "ಸತ್ತ ಮ್ಯಾಲ ಒಯ್ಯೂದು ಬ್ಯಾಡ. ನಾಳಿಗೇ ಹೋಗಮು. ಬೇವಿನ ಬುಡಕ ಹಾಸಿಗಿ ಹಾಕ್ರಿ, ಉಳಿದ ಉಸಿರು ಅಲ್ಲೇ ಬಿಡ್ತೀನಿ."

ಅವಳು ಕಟ್ಟಿಕೊಂಡು ಬಂದ ಮಾತು ಕೆಲಸಕ್ಕೆ ಬರಲಿಲ್ಲ. ಏನೇನೋ ನೆಪ ಹೇಳಿದಳು. ರಸ್ತೆ ಕೆಟ್ಟದ, ಬಿಸಿಲದ, ನಿಮ್ಮ ಜೀವ ತಡಕೊಳ್ಳಂಗಿಲ್ಲ. ಅವನು ಯಾವುದಕ್ಕೂ ಬಗ್ಗಲಿಲ್ಲ. ಜೀಪು ಬಾಗಿಲಿಗೆ ಬಂದರೆ ಎಲ್ಲಿಗೆ ಕರೆದೊಯ್ಯುವುದು? ಕೊನೆಗೆ ಅವನ ಕಾಲ ಹತ್ತಿರ ಕೂತಳು.

"ಅಪ್ಪಾ, ಅಲ್ಲಿ ಹೊಲ ಇಲ್ಲ. ಖಣಿ ಮಾಡ್ಯಾರ. ಸಮಾಧಿನೂ ಇಲ್ಲ."

ಸಾಬಮ್ಮನ ಕೈ ಚೀಲದಲ್ಲೇ ಉಳಿಯಿತು. ಅಂಬಾರಾಯ ಮಗಳ ಕಡೆ ತಿರುಗಿದ.

"ಕಪಿಲಗ ಗೊತ್ತಿತ್ತೇನು?"

ಇಲ್ಲ ಎಂದಿದ್ದರೆ ಸಾಕಿತ್ತು. ಅವನು ಹೋದಾಗ ಹೊಲ ಇತ್ತು, ಆಮೇಲೆ ತೋಡಿದರು ಎಂದಿದ್ದರೆ ನಡೆದುಹೋಗುತ್ತಿತ್ತು. ಅದು ಹೊಳೆದದ್ದು ಆಮೇಲೆ. ಅಷ್ಟೊತ್ತಿಗೆ ಬಾಯಿಂದ ಮಾತು ಹೊರಟುಹೋಗಿತ್ತು.

"ಗೊತ್ತಿತ್ತು."

ಅವನು ಗೋಡೆಯ ಕಡೆ ಹೊರಳಿ ಮಲಗಿದ. ಗಂಜಿ ಕೊಟ್ಟರೆ ಬಾಯಿ ಬಿಡಲಿಲ್ಲ, ಕರೆದರೆ ಓಗೊಡಲಿಲ್ಲ. ಆ ವಾರವೇ ಹೋಗಿಬಿಟ್ಟ. ಶಹಾಬಾದಿನ ಸ್ಮಶಾನದಲ್ಲೇ ಜಾಗ ನೋಡಿ ಮಣ್ಣು ಮಾಡಿದರು.

ಓಣಿಯವರು ಬುದ್ಧವಿಹಾರದಲ್ಲಿ ಸೇರಿ ವಂದನೆ ಮುಗಿಸಿದ ಮೇಲೆ, ಹಿರಿಯ ಉಪಾಸಕರೊಬ್ಬರು ಯಶೋಧರಾಳಿಗೆ ಹೇಳಿದರು. "ನಿಮ್ಮ ಮನೆತನದ ಬಗ್ಗೆ ನಾಕು ಮಾತು ಹೇಳು ತಂಗಿ. ಅಂಬಾರಾಯ ಭಾಳ ಅಭಿಮಾನ ಇಟ್ಟಿದ್ದ."

ಅವಳು ಎದ್ದು ನಿಂತಳು. "ನಮ್ಮ ಮುತ್ಯಾ ಚಂದ್ರಾಮ ಚಿಮ್ಮನಚೋಡದಿಂದ ಬಂದು..." ಎಂದಳು. ಜನ ಕಾದರು. ಅವಳು ಕೂತುಬಿಟ್ಟಳು.

ಸೇಡಂಗೆ ಹೊರಡುವ ದಿನ ಅವ್ವನ ಕಾಲು ಮುಟ್ಟಲು ಬಗ್ಗಿದಾಗ ಸಾಬಮ್ಮ ಕಾಲು ಹಿಂದಕ್ಕೆ ಎಳೆದುಕೊಂಡಳು.

"ಹೊಲ ಹೋದ್ರ ಹೋಗ್ಲಿ," ಎಂದಳು. "ಸಾಯೂ ಮನಶಾಗ ಅವನ ಮಗನ್ನೂ ಸುಳ್ಳ ಮಾಡಿ ಕಳಿಸಿದ್ಯಲ್ಲ."

ಯಶೋಧರಾ ಚೀಲ ಎತ್ತಿಕೊಂಡು ಹೊಸಿಲು ದಾಟಿದಳು. ಅವ್ವ ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು.